ದರ್ಜಿಗಳ ಸಿನಿಮಾದ ಸಂಗೀತ

ದೊಡ್ಡ ಸಂಗೀತ ನಿರ್ದೇಶಕರು ಅನ್ನಿಸಿಕೊಂಡವರಲ್ಲಿ ಒಬ್ಬೊಬ್ಬರಿಂದ ಒಂದೇ ಒಂದು ಸಿನಿಮಾ. ಹಾಡುಗಳು ಲೆಕ್ಕಕ್ಕಿಲ್ಲ, ಹಿನ್ನೆಲೆ ಸಂಗೀತ ಮಾತ್ರ. ಆರಿಸುವವರು ಮೂವರು; ಇಬ್ಬರು ಒಪ್ಪಿದರೆ ಆಯ್ಕೆ ಖಾಯಂ. ವಾರಕ್ಕೊಬ್ಬರಂತೆ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಅದನ್ನು ಕೇಳಿಸಿ, ಯಾಕೆ ಅದೇ ಎಂದು ವಿವರಿಸಬೇಕು. ರೇಡಿಯೋ ಕೇಂದ್ರದ ಮುಖ್ಯಸ್ಥೆ ಇಷ್ಟು ಹೇಳಿ, "ಹೊಡೆದಾಡ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಬಾಗಿಲು ಹಾಕ್ಕೊಂಡು," ಎಂದು ಎದ್ದು ಹೋದರು.

ಮೂವರಲ್ಲಿ ಒಬ್ಬಳು ಆ ಕಾರ್ಯಕ್ರಮದ ನಿರೂಪಕಿ. ಅವಳ ದನಿ ಊರಿಗೆಲ್ಲ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಮುಂದಿನ ಸೀಟಿನವರು ತಿರುಗಿ ನೋಡಿ, ನೋಡಿದ ಮೇಲೆ ಸ್ವಲ್ಪ ನಿರಾಶರಾಗುತ್ತಿದ್ದರು. ಎರಡನೆಯವನು ಪತ್ರಿಕೆಗೆ ಅಂಕಣ ಬರೆಯುವ ವಿಮರ್ಶಕ. ಬರೆದ ಹಾಗೆಯೇ ಮಾತಾಡುವವನು. ಅವನ ವಾಕ್ಯ ಮುಗಿಯುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಮೂರನೆಯವನು ಕೇಂದ್ರದ ಸೌಂಡ್ ಇಂಜಿನಿಯರ್. ಸದಾ ಯಾವುದಾದರೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡೇ ಇರುತ್ತಿದ್ದರಿಂದ ಅವನಿಗೆ ಗುಂಡಿ ಎಂದೇ ಹೆಸರು. ತನ್ನ ಜೊತೆ ವಾದಕ್ಕಿಳಿದವರು ಬೀಳುವುದರಿಂದ ಆ ಹೆಸರು ಬಂತೆಂದು ಅವನು ಹೇಳಿಕೊಳ್ಳುತ್ತಿದ್ದ. ನಿಜದಲ್ಲಿ ಬೀಳುತ್ತಿದ್ದವನು ಹೆಚ್ಚಾಗಿ ಅವನೇ.

ಮೊದಲ ವಾರಗಳು ಖುಷಿಯಾಗಿ ಕಳೆದವು. ಸಿನಿಮಾರಂಗ ಪಿಟೀಲಜ್ಜ ಎಂದು ಕರೆಯುತ್ತಿದ್ದ ಹಿರಿಯರು ಒಂದೊಂದು ಸಿನಿಮಾಕ್ಕೂ ಹಾಲ್ ತುಂಬ ಪಿಟೀಲು ಕೂರಿಸುತ್ತಿದ್ದವರು. ವಿಮರ್ಶಕ ಅವರ ಮರುಭೂಮಿಯ ಸಿನಿಮಾ ಬೇಕೆಂದ. ನಿರೂಪಕಿ ಅವರ ಕೋರ್ಟಿನ ಸಿನಿಮಾ ಮುಂದಿಟ್ಟಳು. ಅದರಲ್ಲಿ ಇರುವುದು ಒಂದೇ ಪಿಟೀಲು. ಸಾಕ್ಷಿ ಸುಳ್ಳು ಹೇಳಿದಾಗಲೆಲ್ಲ ಅದು ತಂತಿ ಸರಿಮಾಡಿಕೊಳ್ಳುವವರ ಹಾಗೆ ಒಂದು ಸ್ವರ ಎಳೆದು ಸುಮ್ಮನಾಗುತ್ತದೆ. "ಅಷ್ಟು ಪಿಟೀಲು ಇಟ್ಕೊಂಡಿದ್ದೋರು ಒಂದರಲ್ಲಿ ಕೆಲಸ ಮುಗಿಸಿದ್ದು ದೊಡ್ಡದಲ್ವಾ?" ಎಂದು ಅವಳು ಕೇಳಿದ್ದಕ್ಕೆ ಗುಂಡಿ ತಲೆದೂಗಿದ. ಕೋರ್ಟಿನದ್ದೇ ಗೆದ್ದಿತು.

ಮಿತಭಾಷಿ ಎನ್ನಿಸಿಕೊಂಡಿದ್ದ ಇನ್ನೊಬ್ಬರದು ಬೇರೆ ಕಷ್ಟ. ಅವರ ಸಿನಿಮಾಗಳಲ್ಲಿ ಸಂಗೀತವೇ ಅಪರೂಪ. "ನನ್ನ ಸ್ಕೂಟರ್ ಸ್ಟಾರ್ಟ್ ಆಗುವಾಗ ಇದಕ್ಕಿಂತ ಜಾಸ್ತಿ ಸ್ವರ ಬರುತ್ತೆ," ಎಂದ ಗುಂಡಿ. ಕೊನೆಗೆ ರೈಲು ನಿಲ್ದಾಣದ ಸಿನಿಮಾಕ್ಕೆ ಮತ ಬಿತ್ತು. ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದ ಪಿಯಾನೋ ವಾದಕಿಯ ವಿಷಯದಲ್ಲಿ ಮಾತ್ರ ಜಗಳವೇ ಆಗಲಿಲ್ಲ. ಲಿಫ್ಟಿನೊಳಗೆ ಸಿಕ್ಕಿಬಿದ್ದ ಹೆಂಗಸಿನ ಕಥೆ; ಲಿಫ್ಟ್ ಕೆಳಗಿಳಿಯುವಾಗ ಸಂಗೀತ ಮೇಲೇರುತ್ತದೆ. ಮೂವರೂ ಒಟ್ಟಿಗೆ ಅದರ ಹೆಸರು ಹೇಳಿ, ಉಳಿದ ಸಮಯದಲ್ಲಿ ಬಿಸ್ಕತ್ತು ತಿಂದರು.

ಕೊನೆಯ ಸರದಿ ಸಿನಿಮಾದವರೆಲ್ಲ ಮೇಷ್ಟ್ರು ಎನ್ನುತ್ತಿದ್ದ ಸಂಗೀತ ನಿರ್ದೇಶಕರದ್ದು. ಪಟ್ಟಿಯಲ್ಲಿದ್ದವರಲ್ಲಿ ಬದುಕಿರುವವರು ಅವರೊಬ್ಬರೇ. ಅವರು ನಿರೂಪಕಿಯ ಭಾವ, ಅಂದರೆ ತೀರಿಕೊಂಡ ಅಕ್ಕನ ಗಂಡ.

ಇದನ್ನು ಅವಳು ಶುರುವಿನಲ್ಲಿಯೇ ಮುಖ್ಯಸ್ಥೆಗೆ ಹೇಳಿದ್ದಳು. "ಅವರ ಸರದಿ ಬಂದಾಗ ನನ್ನನ್ನ ಬಿಟ್ಬಿಡಿ ಮೇಡಂ. ಸಂಬಂಧಿಕರು ಅಂತ ಪಕ್ಷಪಾತದ ಮಾತು ಬರುತ್ತೆ."

"ನೀವು ಅವರ ಜೊತೆ ಮಾತು ಬಿಟ್ಟು ಎಷ್ಟು ಕಾಲ ಆಯ್ತು?"

"ಅಕ್ಕ ಹೋದಾಗಿಂದ."

"ಮತ್ತೆ ಇನ್ನೆಲ್ಲಿ ಪಕ್ಷಪಾತ? ಸುಮ್ನೆ ಕೂತ್ಕೊಳ್ಳಿ."

ಮಾತು ಬಿಡುವುದಕ್ಕೆ ದೊಡ್ಡ ಜಗಳವೇನೂ ಆಗಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ಮಲಗಿದ್ದ ದಿನಗಳಲ್ಲಿ ಭಾವ ಒಂದು ಹಾಸ್ಯದ ಸಿನಿಮಾಕ್ಕೆ ಸಂಗೀತ ಮಾಡುತ್ತಿದ್ದರು. ಬೆಳಿಗ್ಗೆ ಬಂದು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಸ್ಟುಡಿಯೋಗೆ ಹೋದರೆ ಸಂಜೆ ಮತ್ತೆ ಮುಖ ತೋರಿಸುತ್ತಿದ್ದರು. ಹಗಲೆಲ್ಲ ಅಕ್ಕನ ಪಕ್ಕ ಕೂರುತ್ತಿದ್ದವರು ಅಮ್ಮ ಮತ್ತು ಅವಳು. ಅಕ್ಕ ತೀರಿಕೊಂಡ ದಿನ ಭಾವ ಎಲ್ಲರ ಜೊತೆ ನಿಂತಿದ್ದರು. ಮಣ್ಣು ಮಾಡಿದ ಮೇಲೆ ಎಲ್ಲರೂ ಮನೆಗೆ ಬಂದರೆ ಅವರ ಕಾರು ಮಾತ್ರ ತಿರುವಿನಲ್ಲಿ ಸ್ಟುಡಿಯೋ ಕಡೆ ಹೊರಳಿತು. ಅಮ್ಮ ಅದನ್ನು ಹಿಂದಿನ ಗಾಡಿಯ ಕಿಟಕಿಯಿಂದ ಕಣ್ಣಾರೆ ನೋಡಿದರು. ಅವತ್ತಿನಿಂದ ಅಳಿಯ ಆ ಮನೆಯಲ್ಲಿ "ಆ ಮನುಷ್ಯ" ಆದರು. "ಹೆಂಡ್ತಿ ಉಸಿರಿಗೆ ಒದ್ದಾಡ್ತಿದ್ರೆ ಪೀಪಿ ಊದಿಸ್ತಾ ಕೂತಿದ್ದ ಮನುಷ್ಯ," ಎಂದು ಅಮ್ಮ ಒಮ್ಮೆ ಹೇಳಿದರು. ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ. ಆ ಸಿನಿಮಾವನ್ನು ಮನೆಯಲ್ಲಿ ಯಾರೂ ನೋಡಲಿಲ್ಲ. ನಿರೂಪಕಿ ತನ್ನ ಕಾರ್ಯಕ್ರಮದಲ್ಲಿ ಭಾವನ ಬೇರೆ ಸಂಗೀತವನ್ನೆಲ್ಲ ಕೇಳಿಸಿದ್ದಳು, ಅದೊಂದರ ಗೊಡವೆಗೆ ಹೋಗಿರಲಿಲ್ಲ.

ಸಭೆಯಲ್ಲಿ ವಿಮರ್ಶಕ ಯುದ್ಧದ ಸಿನಿಮಾದ ಪರವಾಗಿ ಮಾತಾಡಿದ. ಅದು ಯಾರಿಗೆ ಗೊತ್ತಿಲ್ಲ? ಶಾಲೆಯ ಕವಾಯತಿನಲ್ಲಿ, ಕುಸ್ತಿಯ ಕಣದಲ್ಲಿ, ಜನರ ಮೊಬೈಲುಗಳಲ್ಲಿ ಅದೇ ಕಹಳೆ. "ಒಂದು ಇಡೀ ತಲೆಮಾರಿನ ಎದೆಯುಬ್ಬಿಸಿದ ಸಂಗೀತ," ಎಂದು ಅವನು ಮುಗಿಸಿದ.

"ಎದೆ ಉಬ್ಬಿಸೋದು ಸುಲಭ ಸಾರ್. ಸೈಕಲ್ ಪಂಪ್ ಇದ್ರೆ ಸಾಕು," ಎಂದ ಗುಂಡಿ. "ದರ್ಜಿಗಳ ಸಿನಿಮಾ ತಗೊಳ್ಳಿ. ಮೇಷ್ಟ್ರು ಅದಕ್ಕಿಂತ ಒಳ್ಳೇದು ಮಾಡಿಲ್ಲ."

"ಅದು ತಮಾಷೆ ಸಿನಿಮಾ."

"ತಮಾಷೆ ಮಾಡೋದು ಕಷ್ಟ ಅಂತ ನೀವೇ ಅಂಕಣದಲ್ಲಿ ಬರೆದಿದ್ರಿ."

"ನಟನೆಯ ಬಗ್ಗೆ ಬರೆದಿದ್ದು."

ಇಬ್ಬರೂ ಅವಳ ಕಡೆ ತಿರುಗಿದರು. ಅವಳು, "ದರ್ಜಿಗಳದ್ದು ನಾನು ನೋಡಿಲ್ಲ," ಎಂದಳು. ಗುಂಡಿ ಬಾಯಿ ತೆರೆದವನು ಏನೋ ಹೊಳೆದು ಮುಚ್ಚಿಕೊಂಡ. ವಿಮರ್ಶಕನಿಗೆ ಸಂಗತಿ ಗೊತ್ತಿರಲಿಲ್ಲ. "ಹಾಗಾದರೆ ನೋಡಿಕೊಂಡು ಬನ್ನಿ, ಮುಂದಿನ ವಾರ ತೀರ್ಮಾನ ಮಾಡೋಣ," ಎಂದ.

ಮಾರನೆಯ ದಿನ ಊಟದ ವೇಳೆಯಲ್ಲಿ ಅವಳು ಕೇಂದ್ರದ ಚಿಕ್ಕ ವೀಕ್ಷಣಾ ಕೋಣೆಯಲ್ಲಿ ಒಬ್ಬಳೇ ಕೂತಳು. ಕೋಣೆಯಲ್ಲಿ ಹಳೆಯ ಕಾರ್ಪೆಟ್ಟಿನ ವಾಸನೆ. ಎರಡು ಕುರ್ಚಿಗಳಲ್ಲಿ ಒಂದರ ಕಾಲು ಕುಂಟು. ಮಡಿಲಲ್ಲಿ ಕಾಗದ, ಪೆನ್ನು ಇಟ್ಟುಕೊಂಡು ಬರೀ ಕೆಲಸಕ್ಕೆಂದು ಕೂತವಳ ಹಾಗೆಯೇ ನೋಡತೊಡಗಿದಳು.

ಒಂದು ಬೀದಿಯ ಮೂಲೆಯಲ್ಲಿ ಒಳ್ಳೆಯ ಅಂಗಡಿಯೊಂದು ಖಾಲಿಯಾಗುತ್ತದೆ. ಅದು ತನಗೇ ಬೇಕೆಂದು ಇಬ್ಬರು ದರ್ಜಿಗಳು ಹಟಕ್ಕೆ ಬೀಳುತ್ತಾರೆ, ಒಬ್ಬ ಗುಡಾಣದಂಥವನು, ಇನ್ನೊಬ್ಬ ಗಳದಂಥವನು. ಭಾವ ದಪ್ಪನೆಯವನಿಗೆ ಸಣ್ಣ ಕೊಳಲು ಕೊಟ್ಟಿದ್ದರು, ಸಣಕಲನಿಗೆ ನಿಂತುಕೊಂಡು ನುಡಿಸುವ ದೊಡ್ಡ ಬಾಸ್ ವಾದ್ಯ. ಸಾಮಾನ್ಯವಾಗಿ ಹಾಸ್ಯದ ಸಿನಿಮಾಗಳಲ್ಲಿ ಸಂಗೀತ ಪಕ್ಕದಲ್ಲಿ ಕೂತು ಮೊಣಕೈಯಲ್ಲಿ ತಿವಿಯುತ್ತಿರುತ್ತದೆ, ಈಗ ನಗು, ಈಗ ನಗು ಎಂದು. ಇದು ಹಾಗೆ ಮಾಡಲಿಲ್ಲ. ಕೊಳಲಿಗೆ ದಪ್ಪನೆಯವನ ಮೇಲೆ ಪೂರ್ತಿ ನಂಬಿಕೆ, ಬಾಸ್‌ಗೆ ಸಣಕಲನ ಮೇಲೆ ಪ್ರಾಣ. ಎರಡೂ ತಮ್ಮ ತಮ್ಮ ಮನುಷ್ಯನ ಪರವಾಗಿ ಗಂಭೀರವಾಗಿ ವಕಾಲತ್ತು ಮಾಡುತ್ತಿದ್ದವು.

ಅಂಗಡಿಯ ಮಾಲೀಕ ಕೋಟು ಹೊಲಿಸಲು ಬರುವ ದೃಶ್ಯ ಬಂತು. ದರ್ಜಿಗಳಿಬ್ಬರೂ ಒಟ್ಟಿಗೆ ಅವನ ಅಳತೆ ತೆಗೆಯತೊಡಗುತ್ತಾರೆ, ಒಬ್ಬ ಭುಜ, ಇನ್ನೊಬ್ಬ ಸೊಂಟ. ಕೊಳಲು ಒಂದು ಸಾಲು ನುಡಿಸಿದರೆ ಬಾಸ್ ಅದೇ ಸಾಲನ್ನು ಅರ್ಧ ಹೆಜ್ಜೆ ತಡವಾಗಿ, ತನ್ನದೇ ಸ್ವಂತ ಯೋಚನೆ ಎಂಬ ಗತ್ತಿನಲ್ಲಿ ನುಡಿಸುತ್ತದೆ. ಟೇಪು ಮಾಲೀಕನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಅವನು ಕೆಮ್ಮುತ್ತಾನೆ. ವಾದ್ಯಗಳೆರಡೂ ನಿಂತು, ಕೆಮ್ಮು ಮುಗಿಯುವವರೆಗೆ ಮರ್ಯಾದೆಯಿಂದ ಕಾಯ್ದು, ಬಿಟ್ಟ ಜಾಗದಿಂದಲೇ ಮುಂದುವರಿಯುತ್ತವೆ.

ನಿರೂಪಕಿ ಗಟ್ಟಿಯಾಗಿ ನಕ್ಕುಬಿಟ್ಟಳು. ಖಾಲಿ ಕೋಣೆಯಲ್ಲಿ ತನ್ನದೇ ನಗು ಕೇಳಿ ಅವಳಿಗೆ ಸಿಟ್ಟು ಬಂತು. ದೃಶ್ಯವನ್ನು ಹಿಂದಕ್ಕೆ ತಿರುಗಿಸಿ, ಈ ಸಲ ನಗಬಾರದೆಂದು ತೀರ್ಮಾನಿಸಿ ನೋಡಿದಳು. ಮತ್ತೆ ನಕ್ಕಳು. ಕಾಗದದ ಮೇಲೆ ಏನನ್ನೂ ಬರೆದುಕೊಳ್ಳಲಿಲ್ಲ. ಇದು ಭಾವ ಮಾಡಿದ್ದರಲ್ಲೆಲ್ಲ ಒಳ್ಳೆಯದು ಎಂಬುದರಲ್ಲಿ ಅವಳಿಗೆ ಸಂಶಯ ಉಳಿಯಲಿಲ್ಲ.

ಬದುಕಿರುವ ಸಂಗೀತ ನಿರ್ದೇಶಕರಿಂದ ನಾಲ್ಕು ಮಾತು ರೆಕಾರ್ಡ್ ಮಾಡಿಕೊಂಡು ಬರಬೇಕೆಂದು ಮುಖ್ಯಸ್ಥೆ ಹೇಳಿದ್ದರು. ಬೇರೆಯವರನ್ನು ಕಳಿಸಬಹುದಿತ್ತು. ಅವಳೇ ಹೋದಳು.

ಭಾವನ ಮನೆಯ ಮೆಟ್ಟಿಲು ಹತ್ತುವಾಗ ಒಬ್ಬಳು ವಿದ್ಯಾರ್ಥಿನಿ ಬೆನ್ನಿಗೆ ವಾದ್ಯದ ಚೀಲ ಹೇರಿಕೊಂಡು ಇಳಿಯುತ್ತಿದ್ದಳು. ಬಾಗಿಲು ತೆರೆದೇ ಇತ್ತು. ಪಿಯಾನೋದ ಮುಚ್ಚಳದ ಮೇಲೆ ಪತ್ರಿಕೆ, ಕನ್ನಡಕ, ಮಾತ್ರೆಯ ಪಟ್ಟಿ, ಅರ್ಧ ತಿಂದ ಸೇಬು. ಭಾವ ಕುಗ್ಗಿದ್ದರು, ಕೂದಲು ಬೆಳ್ಳಗಾಗಿತ್ತು, ಆದರೆ ಹುಬ್ಬು ಮಾತ್ರ ಹಾಗೇ ಕಪ್ಪಗಿತ್ತು.

"ಬಾ ಪುಟ್ಟಿ. ಚಪ್ಪಲಿ ಹಾಕ್ಕೊಂಡೇ ಬಾ, ನೆಲ ತಣ್ಣಗಿದೆ," ಎಂದರು, ನಿನ್ನೆ ಹೋಗಿ ಇವತ್ತು ಬಂದವಳಿಗೆ ಹೇಳುವ ಹಾಗೆ.

ದಾರಿಯುದ್ದಕ್ಕೂ ಅವಳು ಏನೇನಕ್ಕೋ ಸಿದ್ಧಳಾಗಿ ಬಂದಿದ್ದಳು. ಪುಟ್ಟಿ ಎಂದು ಕರೆಸಿಕೊಳ್ಳಲು ಸಿದ್ಧಳಾಗಿರಲಿಲ್ಲ. ಅಕ್ಕನ ಮದುವೆಯಾದಾಗ ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಳು, ಹೆಸರು ಆವಾಗಿನದು. ಅವಳು ರೆಕಾರ್ಡರ್ ತೆಗೆದು ಮೇಜಿನ ಮೇಲಿಟ್ಟು, ರೇಡಿಯೋದ ದನಿಯಲ್ಲಿ ಕೇಳಿದಳು: "ನಿಮ್ಮ ಸಿನಿಮಾಗಳಲ್ಲಿ ಹಿನ್ನೆಲೆ ಸಂಗೀತ ಅತ್ಯುತ್ತಮವಾಗಿ ಬಂದಿರುವುದು ಯಾವುದರಲ್ಲಿ ಎಂದು ನಿಮಗೆ ಅನ್ನಿಸುತ್ತದೆ?"

"ಯುದ್ಧದ್ದು ಅಂತ ಹಾಕ್ಕೊ. ಎಲ್ಲರಿಗೂ ಖುಷಿ."

"ನಿಮಗೆ?"

"ನನಗೆ ಅದನ್ನ ಕೇಳಿದ್ರೆ ಹಲ್ಲು ಜುಮ್ ಅನ್ನುತ್ತೆ. ಮೊನ್ನೆ ಹಲ್ಲಿನ ಡಾಕ್ಟರ್ ಹತ್ರಾನೂ ಅದೇ ಹಾಕಿದ್ರು, ಮೇಷ್ಟ್ರು ಬಂದಿದ್ದಾರೆ ಅಂತ."

"ದರ್ಜಿಗಳ ಸಿನಿಮಾ?"

ಭಾವ ರೆಕಾರ್ಡರ್ ಕಡೆ ನೋಡಿದರು. ಅವಳು ಅದನ್ನು ನಿಲ್ಲಿಸಿದಳು.

"ನೋಡಿದ್ಯಾ?"

"ಮೊನ್ನೆ. ಮೊದಲ್ನೇ ಸಲ."

"ನಕ್ಕೆಯಾ?"

"ನಕ್ಕೆ."

"ಎಲ್ಲಿ?"

"ಕೋಟಿನ ಅಳತೆ ತಗೊಳ್ಳೋ ಕಡೆ. ಕೆಮ್ಮಿದ ಮೇಲೆ."

ಭಾವ ತಲೆಯಾಡಿಸಿದರು. ಪರೀಕ್ಷೆ ಬರೆದು ಎಷ್ಟೋ ಕಾಲದ ಮೇಲೆ ಅಂಕ ತಿಳಿದವರ ಹಾಗಿತ್ತು ಅವರ ಮುಖ. ಆಮೇಲೆ ಸೇಬಿನ ಉಳಿದರ್ಧ ಕೈಗೆ ತೆಗೆದುಕೊಂಡು, ತಿನ್ನದೆ, ಮತ್ತೆ ಅಲ್ಲೇ ಇಟ್ಟರು.

"ಅಂಥ ಹೊತ್ತಲ್ಲಿ ಅದನ್ನ ಹೇಗೆ ಮಾಡಿದ್ರಿ ಭಾವ?" ಎಂದಳು. ಚುಚ್ಚಲು ಕೇಳಿದ್ದಲ್ಲ. ಅವಳಿಗೆ ನಿಜವಾಗಿಯೂ ತಿಳಿಯಬೇಕಿತ್ತು.

"ನಿನ್ನಕ್ಕ ಕಳಿಸಿದ್ಲು ಅದಕ್ಕೆ ಹೋದೆ, ಅವಳನ್ನ ನೆನೆಸ್ಕೊಂಡು ಮಾಡ್ದೆ ಅಂತ ಹೇಳಬಹುದು. ಪತ್ರಿಕೆಯವರಿಗೆ ಹಾಗೆ ಹೇಳಿದ್ರೆ ಕಣ್ಣಲ್ಲಿ ನೀರು ಹಾಕ್ಕೊಂಡು ಬರ್ಕೋತಾರೆ. ಹಾಗೇನಿಲ್ಲ ಪುಟ್ಟಿ. ಆ ಕೋಣೆ ಒಳಗೆ ಹೋದ್ರೆ ನನಗೆ ಅವಳ ನೆನಪೇ ಇರ್ತಿರಲಿಲ್ಲ. ಪ್ರಪಂಚದಲ್ಲಿ ಆ ಇಬ್ಬರು ದರ್ಜಿಗಳನ್ನ ಬಿಟ್ಟು ಯಾರೂ ಇರಲಿಲ್ಲ. ರೆಕಾರ್ಡಿಂಗ್ ದೀಪ ಆರಿದ ಕೂಡ್ಲೇ ಎಲ್ಲಾ ವಾಪಸ್ ಬರೋದು. ಅದಕ್ಕೇ ದೀಪ ಆರೋದೇ ಬೇಡ ಅಂತ ಇನ್ನೊಂದು ಟೇಕ್, ಇನ್ನೊಂದು ಟೇಕ್ ಅಂತಿದ್ದೆ. ಕೊಳಲಿನವರು ಬೈಕೊಂಡಿರ್ತಾರೆ. ಅಷ್ಟು ತಿದ್ದಿದ್ದಕ್ಕೆ ಚೆನ್ನಾಗಿ ಬಂತು, ಅಷ್ಟೇ."

"ಮಣ್ಣು ಮಾಡಿ ಹೋದ ಮಧ್ಯಾಹ್ನವೂ?"

"ಅಳತೆ ತಗೊಳ್ಳೋ ದೃಶ್ಯ ಅವತ್ತು ಮಧ್ಯಾಹ್ನವೇ ಆಗಿದ್ದು."

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು. ಬರಲಿ, ಬರಲಿ ಎಂದು ಇನ್ನೊಬ್ಬರು ಕೂಗುತ್ತಿದ್ದರು. ಇಬ್ಬರೂ ಅದು ಮುಗಿಯುವವರೆಗೆ ಸುಮ್ಮನಿದ್ದರು.

"ಅದನ್ನ ಆರಿಸಬೇಡ," ಎಂದರು ಭಾವ. "ನಿಮ್ಮಮ್ಮ ರೇಡಿಯೋ ಕೇಳ್ತಾರೆ. ಅವರಿಗೆ ಯಾಕೆ ಸುಮ್ನೆ... ಯುದ್ಧದ್ದೇ ಹಾಕಿ ಮುಗಿಸು."

"ನೀವು ಕೇಳ್ತೀರಾ ಕಾರ್ಯಕ್ರಮ?"

"ಬಿಟ್ಟಿದ್ದೇ ಇಲ್ಲ. ಮಿತಭಾಷಿಯ ಬಗ್ಗೆ ನೀನು ಹೇಳಿದ್ದು ತಪ್ಪು. ಅದು ಮೌನದ ತತ್ವ ಅಲ್ಲ, ಶುದ್ಧ ಸೋಮಾರಿತನ. ನಾನು ಅವರ ಹತ್ರ ಕೆಲಸ ಮಾಡಿದೋನು."

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಎರಡೂ ಕಡೆಯಿಂದ ಯೋಚಿಸಿದಳು. ಬೇಡ ಎಂದವರ ಮಾತು ಮೀರಿ ಅದನ್ನೇ ಆರಿಸಿದರೆ ಭಾವನನ್ನು ಗೌರವಿಸಿದ ಹಾಗೋ, ಹಳೆಯದಕ್ಕೆ ಸೇಡು ತೀರಿಸಿಕೊಂಡ ಹಾಗೋ, ಅವಳಿಗೇ ತಿಳಿಯಲಿಲ್ಲ. ಎರಡರಲ್ಲಿ ಯಾವುದೇ ಆಗಿರಲಿ, ಸಂಗೀತ ಮಾತ್ರ ಇದ್ದ ಹಾಗೇ ಇರುತ್ತದೆ ಎಂದು ಅಷ್ಟಕ್ಕೆ ನಿಲ್ಲಿಸಿದಳು.

ಸಭೆಯಲ್ಲಿ "ದರ್ಜಿಗಳದ್ದು" ಎಂದಳು.

"ಕಾರಣ?" ಎಂದ ವಿಮರ್ಶಕ.

"ನಗು ಬಂತು."

"ಅದು ಪರಿಣಾಮ. ನಾನು ಕೇಳಿದ್ದು ಕಾರಣ."

"ಯುದ್ಧದ್ದು ನಾವು ಏನು ಅಂದ್ಕೋಬೇಕು ಅಂತ ಹೇಳಿಕೊಡುತ್ತೆ. ಇದು ಆ ದರ್ಜಿಗಳು ಏನು ಅಂದ್ಕೊಂಡಿದ್ದಾರೆ ಅಂತ ಹೇಳುತ್ತೆ. ಅವರನ್ನ ಒಂದು ಕಡೆಯೂ ಗೇಲಿ ಮಾಡಲ್ಲ. ನಾವು ನಗೋದು ನಮ್ಮ ಪಾಡಿಗೆ."

ವಿಮರ್ಶಕ ತನಗೆ ಒಪ್ಪಿಗೆಯಿಲ್ಲವೆಂದ, ಆದರೆ ಈ ವಾಕ್ಯವನ್ನು ಅಂಕಣದಲ್ಲಿ ಬಳಸಿಕೊಳ್ಳಬಹುದೇ ಎಂದು ಕೇಳಿದ. ಗುಂಡಿ ಗೆದ್ದ ಖುಷಿಯಲ್ಲಿ ಎಲ್ಲರಿಗೂ ಚಹಾ ತರಿಸಿದ.

ಕಾರ್ಯಕ್ರಮ ಪ್ರಸಾರವಾಯಿತು. ಅಳತೆಯ ದೃಶ್ಯವನ್ನು ಮಾತಿನಲ್ಲಿ ವಿವರಿಸಿ, ಅದರ ಸಂಗೀತವನ್ನು ಕೇಳಿಸಿ, ಕೊಳಲಿನ ಬಗ್ಗೆ, ಬಾಸ್‌ನ ಬಗ್ಗೆ, ಕೆಮ್ಮಿಗೆ ಬಿಟ್ಟುಕೊಟ್ಟ ಜಾಗದ ಬಗ್ಗೆ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಅದನ್ನು ಮಾಡಿದ ಕಾಲದ ಬಗ್ಗೆ ಒಂದಕ್ಷರ ಎತ್ತಲಿಲ್ಲ. ದನಿ ಎಲ್ಲಿಯೂ ಹೆಚ್ಚುಕಡಿಮೆಯಾಗಲಿಲ್ಲವೆಂದು ಗುಂಡಿ ಗಾಜಿನಾಚೆಯಿಂದ ಹೆಬ್ಬೆರಳು ತೋರಿಸಿದ.

ಸಂಜೆ ಮನೆಯ ಬಾಗಿಲು ತೆರೆದಾಗ ಅಮ್ಮ ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಹಾಗಾದ್ರೆ ಅಂಗಡಿ ಆ ದಪ್ಪನೆಯವನಿಗೇ ಸಿಕ್ತು ಅನ್ನಿ... ಇಲ್ವಾ? ಸಣಕಲನಿಗೆ?... ಇಬ್ಬರಿಗೂ ಇಲ್ವಾ? ಮತ್ತೆ ಯಾರಿಗೆ?... ಕೂದಲು ಕಟಿಂಗ್ ಮಾಡೋನಿಗಾ! ಅವನೆಲ್ಲಿಂದ ಬಂದ ಮಧ್ಯೆ?... ಹ್ಞಾಂ, ಹ್ಞಾಂ. ಆ ಮಾಲೀಕನ ಕೋಟು ಕೊನೆಗೆ ಯಾರು ಹೊಲಿದ್ರು, ಅದನ್ನ ಹೇಳಿ ಮೊದ್ಲು."

ನಿರೂಪಕಿ ಚೀಲವನ್ನು ಹೆಗಲಿನಿಂದ ಇಳಿಸದೆ ಅಲ್ಲೇ ನಿಂತಳು. ಅಮ್ಮ ಅವಳನ್ನು ನೋಡಿ ರಿಸೀವರ್ ಮೇಲೆ ಅಂಗೈ ಮುಚ್ಚಿದರು.

"ನಿನಗೇ ಫೋನು. ಎಲ್ಲೋ ಎರಡು ಸ್ವರ ಮೊದಲೇ ಕತ್ತರಿಸಿಬಿಟ್ಟಿದ್ದೀರಂತೆ. ಬೈಯೋಕೆ ಮಾಡಿದ್ದಾರೆ."

ಭಾವ ನಿಜವಾಗಿಯೂ ಬೈದರು. ಆ ಎರಡು ಸ್ವರ ಇಲ್ಲದಿದ್ದರೆ ಬಾಸ್ ಸೋತ ಹಾಗೆ ಕೇಳಿಸುತ್ತದೆ, ಅದು ಸೋಲುವುದಿಲ್ಲ, ಇಷ್ಟು ವರ್ಷ ರೇಡಿಯೋದಲ್ಲಿದ್ದು ಇದು ಗೊತ್ತಾಗಲಿಲ್ಲವೇ ಎಂದರು. ಆರಿಸಬೇಡ ಎಂದಿದ್ದರ ಸುದ್ದಿಯನ್ನೇ ಎತ್ತಲಿಲ್ಲ. ಅವಳು ಗುಂಡಿಗೆ ಹೇಳುತ್ತೇನೆಂದು ಫೋನಿಟ್ಟಳು.

ಅಮ್ಮ ಅಡುಗೆಮನೆಯಲ್ಲಿ ತೊಳೆದ ಪಾತ್ರೆಗಳನ್ನು ಒರೆಸುತ್ತಿದ್ದರು.

"ನಾನೇನೂ ಮರೆತಿಲ್ಲ," ಎಂದರು, ತಿರುಗದೆ.

"ಹ್ಞೂಂ."

"ಆದ್ರೆ ಕೇಳ್ತಾ ಕೇಳ್ತಾ ನಗು ಬಂದ್ಬಿಡ್ತು. ಬಂದ ಮೇಲೆ ಏನ್ ಮಾಡೋದು?" ಒಂದು ತಟ್ಟೆ ಒರೆಸಿ ಇನ್ನೊಂದು ತೆಗೆದುಕೊಂಡರು. "ಅದು ಅವಳು ಇದ್ದಾಗಲೇ ಮಾಡಿದ್ದಾ?"

ಇದ್ದಾಗಲೇ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮನಿಗೆ ಅದು ಸಾಕಾಗುತ್ತಿತ್ತೋ ಏನೋ. ನಿರೂಪಕಿ ಕೊಡಕ್ಕೆ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದಳು.

"ಅಲ್ಲಮ್ಮ. ಅವತ್ತು ಮಧ್ಯಾಹ್ನ ಮಾಡಿದ್ದು. ಮಣ್ಣು ಮಾಡಿದ ದಿನ."

ಅಮ್ಮನ ಕೈ ನಿಂತಿತು.

"ಕಾರು ಆ ಕಡೆ ತಿರುಗ್ತಲ್ಲ. ಇದಕ್ಕಾ?"

"ಇದಕ್ಕೆ."

ಅಮ್ಮ ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. ಬಟ್ಟೆಯನ್ನು ಹಿಂಡಿ, ಕೊಡವಿ, ಕಿಟಕಿಯ ಸರಳಿಗೆ ಹರವಿದರು. ಸಿಟ್ಟೇ ಬರಬಹುದು, ಅಳುವೇ ಬರಬಹುದು ಎಂದು ಅವಳು ಕಾದಳು.

"ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿರಲಿಲ್ಲ ಅವರು, ಅಲ್ಲಿ ನಿಂತಿದ್ದಾಗ ನಾನು ನೋಡಿದ್ದೆ," ಎಂದರು ಅಮ್ಮ. "ಅಲ್ಲಿ ಹೋಗಿ ಏನಾದ್ರೂ ತಿಂದ್ರಂತಾ?"

"ಗೊತ್ತಿಲ್ಲಮ್ಮ. ಕೇಳಲಿಲ್ಲ."

"ಅಷ್ಟು ಹೊತ್ತು ಕೂತು ಮಾತಾಡಿ ಬಂದಿದ್ದೀಯಂತೆ, ಅದೊಂದು ಕೇಳೋಕಾಗಲಿಲ್ವಾ?"

ಮಾರನೆಯ ದಿನ ಕೇಂದ್ರದಿಂದ ಅವಳು ಭಾವನಿಗೆ ಫೋನ್ ಮಾಡಿ ಕೇಳಿದಳು. ಅವರಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲ ಅನ್ಸುತ್ತೆ," ಎಂದರು ಕೊನೆಗೆ. "ಯಾಕೆ?"

"ಅಮ್ಮ ಕೇಳಿದ್ರು."

ಅದರ ಬೆನ್ನಿಗೇ, ಭಾನುವಾರ ಊಟಕ್ಕೆ ಬರಬೇಕಂತೆ ಎಂದೂ ಹೇಳಿದಳು. ಅಮ್ಮ ಹಾಗೇನೂ ಹೇಳಿರಲಿಲ್ಲ. ಸಂಜೆ ಹೋಗಿ ವಿಷಯ ತಿಳಿಸಿದಾಗ ಬೇಡ ಎಂದೂ ಹೇಳಲಿಲ್ಲ. ಆ ಮನುಷ್ಯನಿಗೆ ಖಾರ ಆಗುತ್ತದೆಯೇ ಈಗ, ಹಲ್ಲು ಹೇಗಿದೆ ಎಂದು ವಿಚಾರಿಸಿದರು.